ಒಪ್ಪಿಸಿಕೊಟ್ಟ ಮೇಲೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಕಡೆ ಕನ್ನಡದ ಜೊತೆಗೆ ತೆಲುಗು, ತಮಿಳೂ ಕಿವಿಗೆ ಬೀಳುತ್ತಿರುತ್ತವೆ. ಕನ್ನಡದ 'ಒಪ್ಪಿಸು' ಎಂಬ ಮಾತಿಗೆ ಆ ಎರಡರಲ್ಲೂ ಒಡಹುಟ್ಟುಗಳಿವೆ: ತೆಲುಗಿನಲ್ಲಿ ಅಪ್ಪಗಿಂಚು, ತಮಿಳಿನಲ್ಲಿ ಒಪ್ಪುವಿ.

ಮಗು ಕೈಕಟ್ಟಿ ನಿಂತು ಮೇಷ್ಟ್ರಿಗೆ ಮಗ್ಗಿ ಒಪ್ಪಿಸುತ್ತದೆ. ಸಂಘದ ಕಾರ್ಯದರ್ಶಿ ಲೆಕ್ಕ ಒಪ್ಪಿಸುತ್ತಾನೆ. ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಹರಕೆಯನ್ನು ದೇವರಿಗೆ. ಮದುವೆ ಮುಗಿದು ಹೆಣ್ಣು ಒಪ್ಪಿಸುವ ಹೊತ್ತು ಬಂದಾಗ ಅಪ್ಪ ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು, "ನಿಮ್ಮ ಮಡಿಲಿಗೆ ಹಾಕಿದ್ದೀವಿ, ನಿಮ್ಮ ಮಗಳ ಹಾಗೆ ನೋಡ್ಕೊಳ್ಳಿ" ಅನ್ನುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ.

ಈ ಸೀಮೆಯ ಕ್ರೈಸ್ತರ ಪ್ರಾರ್ಥನೆಯಲ್ಲೂ ಇದೇ ಮಾತು. ಮಗನ ಪರೀಕ್ಷೆ, ಅತ್ತೆಯ ಆಪರೇಷನ್, ಬೋರ್‌ವೆಲ್ ಕೊರೆಸುವ ದಿನ, ಎಲ್ಲವನ್ನೂ "ಕರ್ತನ ಕೈಗೆ ಒಪ್ಪಿಸ್ತೀವಿ" ಅನ್ನುತ್ತಾರೆ. ಕೊನೆಗೆ ತಮ್ಮನ್ನೇ ಒಪ್ಪಿಸಿಕೊಡುತ್ತಾರೆ. ಯೇಸು ಶಿಲುಬೆಯ ಮೇಲೆ 31ನೆಯ ಕೀರ್ತನೆಯ ಮಾತನ್ನೆತ್ತಿಕೊಂಡು ತನ್ನ ಆತ್ಮವನ್ನು ತಂದೆಯ ಕೈಗೆ ಕೊಡುವಲ್ಲಿ, ಮೂರೂ ಭಾಷೆಗಳ ಹಳೆಯ ಬೈಬಲುಗಳು ಬಳಸಿರುವುದು ಈ ಒಡಹುಟ್ಟು ಪದಗಳನ್ನೇ.

ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಬೇರೆಯದು. ಅದೇ ದಿನ ರೋಮನ್ ಅಧಿಪತಿ ಪಿಲಾತ ಯೇಸುವನ್ನು ಶಿಲುಬೆಗೆ ಹಾಕಲು ಕೊಟ್ಟದ್ದನ್ನೂ ಕನ್ನಡ ಬೈಬಲು 'ಒಪ್ಪಿಸು' ಎಂದೇ ಹೇಳುತ್ತದೆ. ಅವನು ಕೈತೊಳೆದುಕೊಂಡು ಒಪ್ಪಿಸಿದ, ಯೇಸು ನಂಬಿ ಒಪ್ಪಿಸಿದ. ತೀರಿಸಬಹುದಾದ ಸಾಲವನ್ನೂ ಬಗೆಹರಿಸಬಹುದಾದ ಜಗಳವನ್ನೂ "ದೇವರಿಗೆ ಬಿಟ್ಟಿದ್ದೀವಿ" ಎಂದು ಆಚೆ ತಳ್ಳುವುದು ಪಿಲಾತನ ದಾರಿ. ಅದನ್ನು ವಿಶ್ವಾಸ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತನ್ನನ್ನು ಒಪ್ಪಿಸಿಕೊಡುವುದಕ್ಕೆ ಕನ್ನಡದಲ್ಲಿರುವ ಇನ್ನೊಂದು ಮಾತು, 'ಶರಣು'. ಅದಕ್ಕೆ ಒದಗಿದ ಗತಿ ನೋಡಿದರೆ ಸಂಕಟವಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಬದುಕಲು ಹಿಡಿದಿದ್ದ ಮಾತನ್ನು ಪತ್ರಿಕೆಗಳು ಇಂದು 'ನೇಣಿಗೆ ಶರಣು' ಎಂದು ಬರೆಯುತ್ತವೆ. 'ಒಪ್ಪಿಸು' ಇನ್ನೂ ಅಲ್ಲಿಗೆ ಇಳಿದಿಲ್ಲ. ಅದರ ಒಳಗೆ ಒಪ್ಪು ಇದೆ, ಒಪ್ಪಿಗೆ ಇದೆ.

ಇಟಿಸಿಎಂ ಆಸ್ಪತ್ರೆಯಿಂದಾಗಿ ಕೋಲಾರದವರಿಗೆ ಪರಿಚಿತವಾದ ಮೆಥೋಡಿಸ್ಟ್ ಪರಂಪರೆಯಲ್ಲಿ, ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಎಂಬುದೊಂದಿದೆ; ಅದು ಕೇಳುವುದೂ ಈ ಒಪ್ಪಿಗೆಯನ್ನೇ. ಹೊಸ ವರ್ಷದ ಆಸುಪಾಸಿನಲ್ಲಿ ನಡೆಸುವ ವಾಡಿಕೆ. ದೇವರು ಕೆಲಸಕ್ಕೆ ಹಚ್ಚಿದರೆ ದುಡಿಯಲು ಅಲ್ಲಿ ಒಪ್ಪಬೇಕು, ಪಕ್ಕಕ್ಕೆ ಸರಿಸಿದರೆ ಸರಿದಿರಲೂ ಒಪ್ಪಬೇಕು. ಎರಡನೆಯದೇ ಕಷ್ಟ. ಬಾಳಿಗೊಂದು ಉದ್ದೇಶ ಬೇಕೆನ್ನುವವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಬೇಡುತ್ತಾರೆ. ಆದರೆ ಹಾಸಿಗೆ ಹಿಡಿದ ಅಜ್ಜಿಯೊಬ್ಬಳು ಬೀದಿಯ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿ ಕರ್ತನಿಗೆ ಒಪ್ಪಿಸುತ್ತಾಳಲ್ಲ, ಅದೂ ಕರೆಯೇ, ಅದೂ ಸೇವೆಯೇ. ಈ ವರ್ಷ ಎಸ್ಸೆಸ್ಸೆಲ್ಸಿ ಯಾರು, ಯಾರಿಗೆ ಜ್ವರ ಬಿಟ್ಟಿಲ್ಲ, ಯಾರ ಮನೆಯಲ್ಲಿ ಮಾತು ನಿಂತಿದೆ ಎಂಬುದು ಆ ಬೀದಿಯಲ್ಲಿ ಅವಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.