ಬಿಟ್ಟಿ ಹುಲ್ಲಿನ ಕಾಲ: ಒಂದು ದನದ ರ‍್ಯಾಂಚು ಮ್ಯೂಸಿಯಂ ಆದ ಚರಿತ್ರೆ

ಮ್ಯೂಸಿಯಂ ಅಂದ್ರೆ ನಮ್ಮ ಮಕ್ಕಳಿಗೆ ರಾಜರ ಕತ್ತಿ, ಹಳೇ ನಾಣ್ಯ, ಮುಕ್ಕಾದ ವಿಗ್ರಹ ಇವೇ ನೆನಪಿಗೆ ಬರುತ್ತವೆ. ದನದ ಕೊಟ್ಟಿಗೆ, ಹುಲ್ಲಿನ ಮೆದೆ, ಮುದ್ರೆ ಹಾಕುವ ಕಬ್ಬಿಣ, ಹಳೇ ಗಾಡಿ ಇವೂ ಚರಿತ್ರೆಯೇ ಅಂತ ಕಾಪಾಡಿಕೊಂಡು ಬಂದಿರುವ ಒಂದು ಜಾಗ ಅಮೆರಿಕದಲ್ಲಿದೆ. ಮೊಂಟಾನಾ ರಾಜ್ಯದ ಡಿಯರ್ ಲಾಡ್ಜ್ ಊರಿಗೆ ಅಂಟಿಕೊಂಡಿರುವ ಗ್ರ್ಯಾಂಟ್-ಕೋರ್ಸ್ ರ‍್ಯಾಂಚು ಅದು.

ರ‍್ಯಾಂಚು ಅಂದ್ರೆ ಏನು? ಬರಗೂರು ಬೆಟ್ಟದಲ್ಲಿ ನಮ್ಮ ಕನ್ನಡದವರೇ ಕಾಡಿನೊಳಗೆ ಕಟ್ಟಿಕೊಳ್ಳುವ ದನದ ಪಟ್ಟಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅದನ್ನೇ ಬಹಳ ದೊಡ್ಡದು ಮಾಡಿ ನೋಡಿದರೆ ಒಂದು ಅಂದಾಜು ಸಿಕ್ಕುತ್ತದೆ. ಆದರೆ ಒಂದು ವ್ಯತ್ಯಾಸ ಉಂಟು. ನಮ್ಮಲ್ಲಿ ದನ ಸಾಕಿದ್ದು ಉಳುಮೆಗೆ, ಗೊಬ್ಬರಕ್ಕೆ, ಹಾಲಿಗೆ. ಅಲ್ಲಿ ಸಾಕಿದ್ದು ಮಾಂಸದ ಮಾರುಕಟ್ಟೆಗೆ. ಈ ರ‍್ಯಾಂಚಿನ ಕಥೆ ದನದ ಕಥೆ ಅನ್ನೋದಕ್ಕಿಂತ ಹುಲ್ಲಿನ ಕಥೆ ಅಂದರೆ ಸರಿ.

ಮೊದಲು ಅಲ್ಲಿಗೆ ಬಂದು ನೆಲೆ ನಿಂತವನು ಜಾನಿ ಗ್ರ್ಯಾಂಟ್. ಕೆನಡಾದಲ್ಲಿ ಹುಟ್ಟಿದವನು. ಇವನ ತಂದೆ ಹಡ್ಸನ್ಸ್ ಬೇ ಕಂಪನಿಯ ವ್ಯಾಪಾರದ ಕೋಟೆಯಲ್ಲಿ ಅಧಿಕಾರಿ. ಆ ದಿನಗಳಲ್ಲಿ ಸಾವಿರಾರು ಕುಟುಂಬಗಳು ಗಾಡಿ ಕಟ್ಟಿಕೊಂಡು ಒರೆಗಾನ್ ದಾರಿ ಹಿಡಿದು ಪಡುವಣಕ್ಕೆ ಹೋಗುತ್ತಿದ್ದವು. ತಿಂಗಳುಗಟ್ಟಲೆ ನಡೆದು ದನಗಳು ಸೋತು ಸೊರಗಿರುತ್ತಿದ್ದವು, ಕಾಲು ಕುಂಟುತ್ತಿದ್ದವು. ಗ್ರ್ಯಾಂಟ್ ಏನು ಮಾಡಿದ? ಗಟ್ಟಿಮುಟ್ಟಾದ ಒಂದು ದನ ಕೊಟ್ಟು, ಸೋತ ಎರಡು ದನ ತಗೊಂಡ. ಆ ಎರಡನ್ನೂ ಡಿಯರ್ ಲಾಡ್ಜ್ ಕಣಿವೆಯ ಹುಲ್ಲಿಗೆ ಬಿಟ್ಟು ಮೇಯಿಸಿ, ಮುಂದಿನ ವರ್ಷ ಮತ್ತೆ ಅದೇ ದಾರಿಗೆ ತಂದು ಒಂದಕ್ಕೆ ಎರಡು ಮಾಡಿಕೊಂಡ. ಬಂಡವಾಳ ಎಲ್ಲಾ ಹುಲ್ಲೇ. 1862ರಲ್ಲಿ ಕಟ್ಟಿದ ಮರದ ಮನೆ ಇವತ್ತಿಗೂ ನಿಂತಿದೆ.

ಆ ಹುಲ್ಲು ಯಾರದು? ಅದು ಮೂಲನಿವಾಸಿ ಬುಡಕಟ್ಟುಗಳ ಬೇಟೆಯ ನೆಲ, ಕಾಡೆಮ್ಮೆಯ ನೆಲ. ಗ್ರ್ಯಾಂಟನ ಹೆಂಡತಿ ಕ್ವಾರಾ ಕೂಡ ಅದೇ ಮೂಲನಿವಾಸಿ ಜನರ ಹೆಣ್ಣುಮಗಳು. ಇವಳಿಂದಾಗಿ ಬುಡಕಟ್ಟುಗಳ ಸ್ನೇಹ, ನಂಟು ಗ್ರ್ಯಾಂಟನಿಗೆ ದಕ್ಕಿತು. ಅವಳ ಬಗ್ಗೆ ನಮಗೆ ತಿಳಿಯೋದೆಲ್ಲ ಹೆಚ್ಚಾಗಿ ಗಂಡ ಮುದುಕನಾದ ಮೇಲೆ ಹೇಳಿ ಬರೆಸಿದ ನೆನಪುಗಳಿಂದ.

ಅಷ್ಟರಲ್ಲಿ ಮೊಂಟಾನಾದಲ್ಲಿ ಚಿನ್ನ ಸಿಕ್ಕಿ ಗಣಿಗಾರರು ನುಗ್ಗಿದರು. ಹೊಸ ಜನ, ಹೊಸ ಕಾನೂನು ಬಂದವು. ಗ್ರ್ಯಾಂಟನಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. 1866ರಲ್ಲಿ ರ‍್ಯಾಂಚನ್ನು 19,200 ಡಾಲರಿಗೆ ಮಾರಿ, ಆಮೇಲೆ ಕೆನಡಾಕ್ಕೆ ಹೊರಟುಹೋದ.

ಕೊಂಡವನು ಕಾನ್ರಾಡ್ ಕೋರ್ಸ್. ಜರ್ಮನ್ ಮಾತಾಡುವ ಹೋಲ್‌ಸ್ಟೈನ್ ಸೀಮೆಯವನು. 15ನೇ ವಯಸ್ಸಿಗೇ ಹಡಗು ಹತ್ತಿದವನು. ಚಿನ್ನ ಹುಡುಕಿಕೊಂಡು ಬಂದ, ಚಿನ್ನ ಸಿಕ್ಕಲಿಲ್ಲ. ಹೊಟ್ಟೆಪಾಡಿಗೆ ಗಣಿಯ ಊರಲ್ಲಿ ಮಾಂಸದ ಅಂಗಡಿಗೆ ಕೆಲಸಕ್ಕೆ ಸೇರಿದ. ಗಣಿಗಾರರಿಗೆ ದಿನಾ ಮಾಂಸ ಬೇಕು, ಮಾಂಸಕ್ಕೆ ದನ ಬೇಕು, ದನಕ್ಕೆ ಹುಲ್ಲು ಬೇಕು. ಈ ಸರಪಳಿ ಅರ್ಥವಾದ ಮೇಲೆ ಅವನು ಹಿಂದೆ ನೋಡಲಿಲ್ಲ. ತಾಯಿಯ ಕಡೆಯ ತಮ್ಮ ಜಾನ್ ಬೀಲೆನ್‌ಬರ್ಗ್ ಜೊತೆ ಸೇರಿದ. ಏಳಿಗೆಯ ಕಾಲದಲ್ಲಿ ಇವರ ದನಗಳು ಮೇಯುತ್ತಿದ್ದ ಬಯಲಿನ ಹರವು ಸುಮಾರು 1 ಕೋಟಿ ಎಕರೆ. ಅಂದ್ರೆ ಇಡೀ ಕರ್ನಾಟಕದ ಐದರಲ್ಲಿ ಒಂದು ಪಾಲು! ಅದಷ್ಟೂ ಇವರ ಸ್ವಂತ ಆಸ್ತಿಯಲ್ಲ. ಬೇಲಿಯಿಲ್ಲದ ಸರ್ಕಾರಿ ಬಯಲು. ಅಲ್ಲಿ ಬೇರೆಯವರ ದನವೂ ಮೇಯುತ್ತಿತ್ತು. ಯಾರ ದನ ಯಾವುದು ಅಂತ ಗೊತ್ತಾಗಲಿ ಅಂತಲೇ ಮೈಮೇಲೆ ಕಾದ ಕಬ್ಬಿಣದ ಮುದ್ರೆ. ಕೋರ್ಸನದು ‘ಸಿಕೆ’ ಮುದ್ರೆ. ಅತ್ತ ಕಾಡೆಮ್ಮೆಗಳನ್ನು ಕೊಂದು ಕೊಂದು ಸುಮಾರು 1883ರ ಹೊತ್ತಿಗೆ ಬಯಲೇ ಬರಿದಾಗಿತ್ತು. ಅವು ಮೇಯುತ್ತಿದ್ದ ಹುಲ್ಲು ದನಕ್ಕೆ ಬಿಟ್ಟಿಯಾಗಿ ಸಿಕ್ಕಿತು. ರೈಲು ಬಂತು. ವರ್ಷಕ್ಕೆ 8ರಿಂದ 10 ಸಾವಿರ ದನ ಚಿಕಾಗೋ ಪೇಟೆಗೆ ಹೋದವು.

ಬಿಟ್ಟಿ ಸಿಕ್ಕಿದ್ದಕ್ಕೆ ಲೆಕ್ಕ ಇರೋದಿಲ್ಲ ಅಂತಾರೆ. ಇಲ್ಲಿ ಆದದ್ದೂ ಅದೇ. ಎಲ್ಲರೂ ದನ ತಂದು ಬಿಟ್ಟರು, ಹುಲ್ಲು ಎಷ್ಟಿದೆ ಅಂತ ಯಾರೂ ನೋಡಲಿಲ್ಲ. 1886ರ ಬೇಸಿಗೆ ಮಳೆಯಿಲ್ಲದೆ ಒಣಗಿತು. ಆ ಚಳಿಗಾಲದಲ್ಲಿ ಹಿಮ ಬಿತ್ತು, ಸ್ವಲ್ಪ ಕರಗಿತು, ಮತ್ತೆ ಹೆಪ್ಪುಗಟ್ಟಿ ನೆಲದ ಮೇಲೆ ಗಾಜಿನ ಹಾಗೆ ಕೂತುಬಿಟ್ಟಿತು. ಅದನ್ನು ಒಡೆದು ಹುಲ್ಲು ಕೀಳಲು ದನಕ್ಕೆ ಆಗಲಿಲ್ಲ. ಕೂಡಿಟ್ಟ ಮೇವೂ ಇಲ್ಲ. 1887ರ ವಸಂತದಲ್ಲಿ ಹಿಮ ಕರಗಿದಾಗ ಬಯಲ ತುಂಬ ಹೆಣಗಳು. ಅರ್ಧಕ್ಕಿಂತ ಹೆಚ್ಚು ದನ ಕಳಕೊಂಡವರು ಎಷ್ಟೋ ಜನ. ಕೋರ್ಸನ ಪಾಲುದಾರನೇ ಆಗಿದ್ದ ಗ್ರ್ಯಾನ್‌ವಿಲ್ ಸ್ಟುವರ್ಟ್ ಆ ಕಸುಬಿಗೇ ಕೈಮುಗಿದ. ಕೋರ್ಸ್ ಮಾತ್ರ ಬ್ಯೂಟ್ ಪಟ್ಟಣದ ಬ್ಯಾಂಕರ್ ಒಬ್ಬನಿಂದ 1 ಲಕ್ಷ ಡಾಲರ್ ಸಾಲ ಪಡೆದು, ನಾಲ್ಕೇ ವರ್ಷದಲ್ಲಿ ತೀರಿಸಿ ಎದ್ದು ನಿಂತ.

ಆದರೆ ಆ ಕಾಲ ಮತ್ತೆ ಬರಲಿಲ್ಲ. ಮುಳ್ಳುತಂತಿ ಬಂತು, ಬೇಸಾಯಗಾರರಿಗೆ ಸರ್ಕಾರ ಜಮೀನು ಹಂಚಿತು, ಬಯಲಿಗೆ ಬೇಲಿ ಬಿತ್ತು. ಇನ್ನು ದನ ಸಾಕಬೇಕಾದರೆ ಸ್ವಂತ ಹುಲ್ಲುಗಾವಲು ಬೇಕು, ಮೇವು ಕೊಯ್ದು ಮೆದೆ ಒಟ್ಟಬೇಕು. ಕೋರ್ಸ್ ಮುಪ್ಪಿನಲ್ಲಿ ಜಮೀನು ಮಾರುತ್ತಾ ಬಂದ. 1920ರಲ್ಲಿ ಅವನು ತೀರಿಕೊಂಡ, 1922ರಲ್ಲಿ ತಮ್ಮ. ಕೊನೆಗೆ ಮನೆಯ ಸುತ್ತಲಿನ ಸುಮಾರು ಒಂದು ಸಾವಿರ ಎಕರೆಯಷ್ಟೇ ಉಳಿಯಿತು.

ಇಷ್ಟಾದರೆ ಹಾಳುಬಿದ್ದ ಮನೆಗಳ ಸಾಲಿಗೆ ಇದೂ ಸೇರಬೇಕಿತ್ತು. ಸೇರದಿರುವುದಕ್ಕೆ ಕಾರಣ ಮನೆಯವರು. ಕೋರ್ಸನ ಹೆಂಡತಿ ಅಗಸ್ಟಾ 1945ರವರೆಗೆ ಬದುಕಿದ್ದಳು. ಮನೆಯ ಸಾಮಾನುಗಳನ್ನು ಜತನ ಮಾಡಿದಳು. ಮೊಮ್ಮಗ ಕಾನ್ರಾಡ್ ವಾರನ್ 1932ರಲ್ಲಿ ರ‍್ಯಾಂಚಿನ ಉಸ್ತುವಾರಿ ಹಿಡಿದು, 1940ರಲ್ಲಿ ತಾನೇ ಕೊಂಡುಕೊಂಡ. ತಾತನ ಗಾಡಿ, ಜೀನು, ಕುಲುಮೆಯ ಸಲಕರಣೆ, ಲೆಕ್ಕದ ಪುಸ್ತಕ, ಕಾಗದಪತ್ರ ಯಾವುದನ್ನೂ ಗುಜರಿಗೆ ಹಾಕಲಿಲ್ಲ. 1972ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. 1977ರಲ್ಲಿ ಜನರಿಗೆ ಬಾಗಿಲು ತೆರೆಯಿತು.

ಅಲ್ಲಿ ಇವತ್ತಿಗೂ ದನಗಳಿವೆ, ಕುದುರೆಗಳಿವೆ, ಹುಲ್ಲು ಕೊಯ್ಲು ನಡೆಯುತ್ತದೆ. ಒಳ್ಳೇದನ್ನಷ್ಟೇ ಉಳಿಸಿಕೊಂಡ ಜಾಗವೂ ಅದಲ್ಲ. ಬ್ಯೂಟ್ ಕಡೆಯ ಗಣಿಗಳ ವಿಷದ ಕೆಸರನ್ನು ನದಿ ತಂದು ಹರಡಿದ್ದರಿಂದ, ಹೊಳೆ ದಂಡೆಯಲ್ಲಿ ಹುಲ್ಲೇ ಹುಟ್ಟದ ಬೋಳು ಮಚ್ಚೆಗಳಾಗಿದ್ದವು. ಅದನ್ನು ಶುದ್ಧ ಮಾಡುವ ಕೆಲಸಕ್ಕೆ ಮುಂದಿನ ತಲೆಮಾರು ಕೈ ಹಾಕಬೇಕಾಯಿತು.

ಈ ಚರಿತ್ರೆಯಿಂದ ನಾವು ತಿಳಿಯುವುದು ಎರಡು ಮಾತು. ಗೋಮಾಳವಾಗಲಿ ಕಾಡಂಚಾಗಲಿ, ಎಲ್ಲರದೂ ಆದ ಹುಲ್ಲಿಗೆ ಲೆಕ್ಕ ಇಡುವವರು ಬೇಕು, ಇಲ್ಲದಿದ್ದರೆ ಒಂದು ಕೆಟ್ಟ ವರ್ಷ ಸಾಕು. ಇನ್ನೊಂದು, ದನ ಕಾದವರ ಬದುಕೂ ಚರಿತ್ರೆಯೇ. ನಮ್ಮ ಅಟ್ಟದ ಮೇಲಿರುವ ದನದ ಗಂಟೆ, ನೊಗ, ಕುಂಟೆ, ಸಂತೆಯ ಲೆಕ್ಕ ಬರೆದ ಹಳೇ ಪುಸ್ತಕ ಇವುಗಳನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ, ಊರಿನ ಶಾಲೆಯ ಮೇಷ್ಟ್ರಿಗೆ ಒಂದು ಸಲ ತೋರಿಸಿ. ಅದು ಯಾರದು, ಯಾವ ಕಾಲದ್ದು ಅಂತ ಹೇಳಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಮಕ್ಕಳ ಕೈಲಿ ಅದನ್ನು ಬರೆಸಿಡೋಣ.