ಜೋಡಿ ತಂತಿಯ ಕಾಲ

ತುಮಕೂರಿನ ಅಂಚಿನಲ್ಲಿ, ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮಗ್ಗುಲಿಗೆ ಬೆಳೆದ ಬಟವಾಡಿಯಂಥ ಬಡಾವಣೆಗಳಿಗೆ ಅಂತರ್ಜಾಲವು ಬಂದುದು ಹೊಸ ಹಾದಿ ಹಿಡಿದಲ್ಲ. ಯೋಗಕ್ಷೇಮ ವಿಚಾರಿಸುವುದಕ್ಕೂ ಮಂಡಿಯ ಧಾರಣೆ ತಿಳಿಯುವುದಕ್ಕೂ ಹಿಂದಿನ ತಲೆಮಾರಿನವರು ಹಾಕಿಸಿಕೊಂಡಿದ್ದ ದೂರವಾಣಿಯ ಜೋಡಿ ತಾಮ್ರದ ತಂತಿಯ ಮೇಲೆಯೇ. ಹಳೆಯ ಮೋಡೆಮನ್ನೂ ಹೊಸ ಮೋಡೆಮನ್ನೂ ಪೆಟ್ಟಿಗೆಯ ಮೇಲಿನ ಅಂಕಿಗಳಿಂದಲೇ ತೂಗಿ ನೋಡುವವರು ಈ ತಂತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದ ಮೇಲೆ ಬಹುಕಾಲ ನಡೆದುದು ಡಯಲ್‌ಅಪ್ ಮೋಡೆಮಿನ ಆಳ್ವಿಕೆ. ಮನುಷ್ಯಧ್ವನಿಗೆ ಮೀಸಲಾದ 4 ಕಿಲೋಹರ್ಟ್ಸ್‌ನೊಳಗೆಯೇ ಎಲ್ಲವನ್ನೂ ತುರುಕಬೇಕಾಗಿದ್ದ ಆ ಯಂತ್ರವು ಸೆಕೆಂಡಿಗೆ 56 ಕಿಲೋಬಿಟ್ಟನ್ನು ದಾಟಲಾರದಾಗಿತ್ತು. ಮಗನು ಜಾಲವನ್ನು ಹೊಕ್ಕನೆಂದರೆ ಮನೆಯ ಫೋನು ಮೂಕವಾಗುತ್ತಿತ್ತು.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ‘ಡೇಟಾಒನ್’ ಸೇವೆಯನ್ನು ಆರಂಭಿಸಿ, ಅದು ಕ್ರಮೇಣ ಜಿಲ್ಲಾ ಕೇಂದ್ರಗಳಿಗೆ ಹಬ್ಬಿದಾಗ, ಮನೆಗಳಲ್ಲಿ ನೆಲೆಗೊಂಡುದು ಎ.ಡಿ.ಎಸ್.ಎಲ್. ಮೋಡೆಮು. ಮಾತಿನ ಪಟ್ಟಿಯನ್ನು ಮುಟ್ಟದೆ, ಅದರ ಮೇಲಣ 1.1 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ನೂರಾರು ಸಣ್ಣ ವಾಹಿನಿಗಳಾಗಿ ಸೀಳಿ, ಒಂದೊಂದನ್ನೂ ಪರೀಕ್ಷಿಸಿ, ಹೊರಬಲ್ಲಷ್ಟೇ ಹೊರೆಯನ್ನು ಅದರ ಮೇಲೆ ಹೊರಿಸುವುದು ಇದರ ಜಾಣ್ಮೆ. ಸ್ವಿಚ್ ಹಾಕಿದೊಡನೆ ಹಸುರು ದೀಪವು ಮಿಟುಕುತ್ತಿದ್ದುದು ಈ ಪರೀಕ್ಷೆಯ ಹೊತ್ತು. ಅದು ಸ್ಥಿರವಾದ ಮೇಲೆಯೇ ಮನೆಯವರಿಗೆ ಸಮಾಧಾನ. ಗೋಡೆಯ ಬಳಿಯ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯು ಮಾತನ್ನೂ ದತ್ತಾಂಶವನ್ನೂ ಬೇರ್ಪಡಿಸುತ್ತಿತ್ತು. ರಾತ್ರಿ 2ರಿಂದ ಬೆಳಗಿನ 8ರವರೆಗೆ ಮಿತಿಯಿಲ್ಲದ ಬಳಕೆಗೆ ಅವಕಾಶವಿದ್ದ ಯೋಜನೆಯನ್ನು ಪಡೆದವರ ಮನೆಯ ಹುಡುಗರು ಅಲಾರಾಂ ಇಟ್ಟುಕೊಂಡು ಎದ್ದು ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಓದಿಗೆಂದು ಆ ಹೊತ್ತಿನಲ್ಲಿ ಎದ್ದವರು ಎಷ್ಟು ಮಂದಿಯೋ!

ತರುವಾಯದ ಎ.ಡಿ.ಎಸ್.ಎಲ್.2+ ಮೋಡೆಮು 2.2 ಮೆಗಾಹರ್ಟ್ಸ್‌ವರೆಗೆ ಕೈಚಾಚಿ 24 ಮೆಗಾಬಿಟ್ಟಿನ ಆಸೆ ತೋರಿಸಿತು, ವಿ.ಡಿ.ಎಸ್.ಎಲ್.2 ನೂರರ ಮಾತಾಡಿತು. ಆದರೆ ಆವೃತ್ತಿಯು ಏರಿದಷ್ಟೂ ತಾಮ್ರದಲ್ಲಿ ಸಂಕೇತವು ಬೇಗ ಕ್ಷೀಣಿಸುವುದರಿಂದ, ಎಕ್ಸ್‌ಚೇಂಜಿನಿಂದ ಎರಡು ಕಿಲೋಮೀಟರ್ ತಂತಿ ಹಾಯುವಷ್ಟರಲ್ಲಿ ಇವೆರಡರ ಅಂತರ ಬಹುಮಟ್ಟಿಗೆ ಅಳಿದುಹೋಗುತ್ತದೆ. ಎಕ್ಸ್‌ಚೇಂಜಿನ ಮಗ್ಗುಲ ಮನೆಯ ಹಳೆಯ ಮೋಡೆಮು ದೂರದ ಮನೆಯ ಹೊಸದನ್ನು ಸುಲಭವಾಗಿ ಮೀರಿಸೀತು. ಮೇಲಾಗಿ ಭರಣಿ ಮಳೆಯ ನೀರು ತಂತಿಯ ಜಾಯಿಂಟಿನೊಳಗೆ ಇಳಿದರೆ ಯಾವ ಮೋಡೆಮಿನದೂ ಆಟ ನಡೆಯದು, ಲೈನ್‌ಮನ್ನನೇ ಕಂಬವನ್ನೇರಬೇಕು. ಗುಡುಗು ಕೇಳಿದೊಡನೆ ಫೋನಿನ ತಂತಿಯನ್ನೂ ಕರೆಂಟಿನ ಪ್ಲಗ್ಗನ್ನೂ ಒಟ್ಟಿಗೆ ಕೀಳುವ ಅಭ್ಯಾಸವನ್ನು ಸಿಡಿಲಿಗೆ ಸುಟ್ಟ ಮೋಡೆಮುಗಳು ಕಲಿಸಿದುವು.

ನನ್ನ ಮಟ್ಟಿಗೆ ಹೊಸದರ ನಿಜವಾದ ಹೆಚ್ಚುಗಾರಿಕೆಯು ಮನೆಯೊಳಗಿನದು. ಹುವಾವೇಯ ಎಂ.ಟಿ. 882ರಂಥ ಹಳೆಯ ಮೋಡೆಮಿನ ಈಥರ್ನೆಟ್ ಕಿಂಡಿಯಿಂದಲೋ ಯು.ಎಸ್.ಬಿ. ಕಿಂಡಿಯಿಂದಲೋ ಒಂದು ಕಂಪ್ಯೂಟರಿಗೆ ಕೇಬಲ್ಲು ಹೋಗುತ್ತಿತ್ತು. ವೈ-ಫೈ ಕೂಡಿದ ಮೇಲೆ ಅಡುಗೆಮನೆಗೂ ಜಗಲಿಗೂ ಜಾಲ ಹರಡಿತು.

ಇದೀಗ ಬೆಳಕಿನ ತಂತುವು ಬಂದು ದೂರದ ತೊಡಕನ್ನೂ ಮಳೆಯ ತೊಡಕನ್ನೂ ಬಹುಪಾಲು ನೀಗಿದೆ. ಆದರೂ ಎಕ್ಸ್‌ಚೇಂಜಿನ 48 ವೋಲ್ಟ್ ವಿದ್ಯುತ್ತು ತಾಮ್ರದಲ್ಲಿಯೇ ಹರಿದು ಬರುತ್ತಿದ್ದುದರಿಂದ, ಊರೆಲ್ಲ ಕರೆಂಟು ಹೋಗಿ ಮೋಡೆಮು ಆರಿದರೂ ಫೋನು ನುಡಿಯುತ್ತಿತ್ತು. ಗಾಜಿನ ತಂತುವಿಗೆ ಆ ಶಕ್ತಿಯಿಲ್ಲವಾದ ಕಾರಣ ಈಗಿನವರು ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣದೊಂದು ಯು.ಪಿ.ಎಸ್. ಕೊಂಡು ಇಟ್ಟುಕೊಳ್ಳುತ್ತಾರೆ.