ನೀರಿಗಿಳಿದರೂ ನೆನೆಯದ ಬಟ್ಟೆ: ಡ್ರೈಸೂಟ್‌ನ ಕಥೆ

ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಗಾಜಿನಂಥ ನೀರು, ಅದರೊಳಗೆ ತೇಲ್ತಾ ಇರೋ ಡೈವರ್‌ಗಳು. ಆ ನೀರು ವರ್ಷವಿಡೀ 2ರಿಂದ 4 ಡಿಗ್ರಿ! ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಉಷ್ಣವಾಹಕ. ಆದರೂ ಅವರು ನಡುಗ್ತಿಲ್ಲ ಯಾಕೆ? ಅವರು ತೊಟ್ಟಿರೋದು ಡ್ರೈಸೂಟ್. ಒಳಗೆ ನೀರಿಲ್ಲ, ಬೆಚ್ಚನೆ ಬಟ್ಟೆ ಮತ್ತು ಗಾಳಿ ಇದೆ.

ಈ ಗಾಳಿ ಎಲ್ಲಿದೆ, ಎಷ್ಟಿದೆ ಅನ್ನೋದೇ ಇವತ್ತಿನ ಕಥೆ. ಡೈವರ್‌ನ ಜೀವ ನಿಂತಿರೋದು ಅದರ ಮೇಲೆ.

1️⃣ ಹಳೇ ಯಜಮಾನ
ಮೈಗಂಟೋ ವೆಟ್‌ಸೂಟ್ ಬಂದದ್ದು 1952ರ ಸುಮಾರಿಗೆ, ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅವರಿಂದ. ಒಣ ಉಡುಪು ಅದಕ್ಕಿಂತ ಬಹಳ ಹಳೇದು. ಫಿನ್ಲೆಂಡಿನ ರಾಹೆ ಊರಿನ ಮ್ಯೂಸಿಯಂನಲ್ಲಿ 18ನೇ ಶತಮಾನದ್ದು ಎನ್ನಲಾದ, ಕರುವಿನ ಚರ್ಮದಲ್ಲಿ ಹೊಲಿದ ಸೂಟ್ ಇದೆ. ಅದರ ಹೆಸರು ‘ವನ್ಹಾ ಹೆರ್ರಾ’, ಅಂದ್ರೆ ‘ಹಳೇ ಯಜಮಾನ’.

2️⃣ ಬಗ್ಗಿದರೆ ಕಷ್ಟ
1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ನೀರು ನುಗ್ಗದ ಬಟ್ಟೆಗೆ ಪೇಟೆಂಟ್ ಪಡೆದ. ಅದೇ ವರ್ಷ ಚಾರ್ಲ್ಸ್ ಡೀನ್ ಬೆಂಕಿಯ ಹೊಗೆಯಲ್ಲಿ ಉಸಿರಾಡೋಕೆ ಹೆಲ್ಮೆಟ್ ಮಾಡಿದ. ಆಮೇಲೆ ಡೀನ್ ಸಹೋದರರು ಅದನ್ನೇ ನೀರಿಗಿಳಿಸಿದರು. ಆದರೆ ಜೊತೆಗಿದ್ದ ಜಾಕೆಟ್ ಕೆಳಗೆ ತೆರೆದಿತ್ತು. ಡೈವರ್ ಮುಗ್ಗರಿಸಿ ಬಿದ್ದರೆ ಹೆಲ್ಮೆಟ್ಟಿಗೇ ನೀರು!

3️⃣ ಸೀಬೆ ಬಂದ
1830ರ ದಶಕದಲ್ಲಿ ಲಂಡನ್ನಿನ ಅಗಸ್ಟಸ್ ಸೀಬೆ (ಸೀಬೆಹಣ್ಣು ಅಂತ ನೆನಪಿಟ್ಕೊಳ್ಳಿ, ಮರೆಯಲ್ಲ) ಹೆಲ್ಮೆಟ್ಟಿಗೆ ಕಾಲಿನವರೆಗೂ ಮುಚ್ಚಿದ ಉಡುಪನ್ನು ಜೋಡಿಸಿದ. 1782ರಲ್ಲಿ ಮುಳುಗಿದ್ದ ‘ರಾಯಲ್ ಜಾರ್ಜ್’ ಹಡಗಿನ ಅವಶೇಷ ತೆಗೆಯೋ ಕೆಲಸ 1839ರಲ್ಲಿ ಕರ್ನಲ್ ಪ್ಯಾಸ್ಲಿ ನೇತೃತ್ವದಲ್ಲಿ ಶುರುವಾಯ್ತು. ಸೀಬೆಯ ಉಡುಪು ಹೆಸರು ಮಾಡಿದ್ದು ಅಲ್ಲೇ.

ನೀರಿನ ಕಾಟ ತಪ್ಪಿತು, ಗಾಳಿಯ ಕಾಟ ಶುರುವಾಯ್ತು. ಮೇಲಿನಿಂದ ಬರೋ ಗಾಳಿ ಕೊಳವೆ ಒಡೆದರೆ ಒಳಗಿನ ಗಾಳಿ ವಾಪಸ್ ಹೊರಟುಹೋಗಿ, ನೀರಿನ ಒತ್ತಡ ಡೈವರ್‌ನನ್ನು ಹಿಂಡಿಬಿಡುತ್ತಿತ್ತು. ಅದಕ್ಕೇ ಹೆಲ್ಮೆಟ್ಟಿಗೆ ಗಾಳಿ ಹಿಂದಕ್ಕೆ ಹೋಗದಂಥ ವಾಲ್ವ್ ಬಂತು. ಗಾಳಿ ಜಾಸ್ತಿಯಾದರೋ, ಸೂಟ್ ಬಲೂನಿನಂತೆ ಉಬ್ಬಿ ಡೈವರ್ ಮೇಲಕ್ಕೆ ಚಿಮ್ಮುತ್ತಿದ್ದ. ಕಾಲಿಗೆ ಗಾಳಿ ತುಂಬದಿರಲಿ ಅಂತ ಪ್ಯಾಂಟಿನ ಹಿಂಭಾಗಕ್ಕೆ ಲಾಡಿ ಬಿಗಿಯೋ ಪದ್ಧತಿಯೂ ಬಂತು.

4️⃣ ಇವತ್ತೂ ಅದೇ ಲೆಕ್ಕ
ಈಗ ಎದೆ ಮೇಲೆ ಗಾಳಿ ತುಂಬೋ ಬಟನ್, ಸಾಮಾನ್ಯವಾಗಿ ಎಡತೋಳಲ್ಲಿ ಗಾಳಿ ಬಿಡೋ ವಾಲ್ವ್. 10 ಮೀಟರ್ ಇಳಿದರೆ ಒತ್ತಡ ಎರಡರಷ್ಟು, ಸೂಟಿನ ಗಾಳಿ ಅರ್ಧ. ಆಗ ಗಾಳಿ ಸೇರಿಸದಿದ್ದರೆ ಬಟ್ಟೆಯ ಮಡಿಕೆಗಳು ಚರ್ಮವನ್ನು ಚಿವುಟಿ ಬರೆ ಎಳೀತವೆ. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತೆ, ಆಗ ಬಿಡಬೇಕು.

ದೊಗಲೆ ಸೂಟಲ್ಲಿ ಗಾಳಿ ಪಾದದ ಕಡೆ ಓಡಿ ನಿಮ್ಮನ್ನು ತಲೆಕೆಳಗು ಮಾಡಬಹುದು. ಹಾಗಾದರೆ ಮಂಡಿ ಎದೆಗೆ ಮಡಚಿ ಉರುಳಿ, ತಲೆ ಮೇಲೆ ಮಾಡ್ಕೊಂಡು ಗಾಳಿ ಬಿಡಬೇಕು. ಬಿಗಿ ಸೂಟಲ್ಲಿ ಕೈಯೇ ಎತ್ತೋಕಾಗಲ್ಲ.

5️⃣ ಸೈಜ್ ನೋಡೋದು ಹೇಗೆ?
▪️ ಒಳಗಿನ ಬೆಚ್ಚನೆ ಬಟ್ಟೆ ಹಾಕ್ಕೊಂಡೇ ಸೂಟ್ ತೊಡಿ. ಟೀ ಶರ್ಟ್ ಮೇಲೆ ನೋಡಿದ ಅಳತೆ ಸುಳ್ಳು.
▪️ ಕುಕ್ಕರಗಾಲಲ್ಲಿ ಕೂತು ನೋಡಿ. ತೊಡೆಸಂದಿ ಎಳೀಬಾರದು.
▪️ ಎರಡೂ ಕೈಯಲ್ಲಿ ನಿಮ್ಮನ್ನೇ ತಬ್ಕೊಳ್ಳಿ. ಬೆನ್ನು ಬಿಗಿಯಬಾರದು.
▪️ ಕೈ ತಲೆಯ ಹಿಂದೆ ಸಿಲಿಂಡರಿನ ವಾಲ್ವ್ ಇರೋ ಜಾಗ ಮುಟ್ಟಬೇಕು. ಇದರಲ್ಲಿ ರಾಜಿ ಬೇಡ.
▪️ ಪಾದ ಬೂಟಿನಿಂದ ಕಳಚಿಕೊಳ್ಳೋ ಹಾಗಿರಬಾರದು.
▪️ ಕುತ್ತಿಗೆ ಪಟ್ಟಿ ನೀರು ತಡೀಬೇಕು, ಆದರೆ ತಲೆ ಸುತ್ತು ಬಂದರೆ ತಕ್ಷಣ ತೆಗೀರಿ. ಅದು ಕತ್ತಿನ ರಕ್ತನಾಳ ಒತ್ತುತ್ತಿರಬಹುದು.
▪️ ಮೊದಲ ಸಲ ತರಬೇತುದಾರರ ಜೊತೆ ಈಜುಕೊಳದಲ್ಲೇ ಅಭ್ಯಾಸ.

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗೋರಿಗೆ ಇದು ಬೇಕಿಲ್ಲ, ನಮ್ಮ ಕಡಲು ಬೆಚ್ಚಗಿದೆ, ವೆಟ್‌ಸೂಟ್ ಸಾಕು. ಆದರೆ ಓದೋಕೋ ಕೆಲಸಕ್ಕೋ ಚಳಿದೇಶಕ್ಕೆ ಹೋಗಿ ಅಲ್ಲಿ ನೀರಿಗಿಳಿಯೋ ಆಸೆ ಇದ್ದರೆ ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ಬಾಡಿಗೆ ಅಂಗಡಿಯಲ್ಲಿ “ಇದೇ ಇರೋದು, ಅಡ್ಜಸ್ಟ್ ಮಾಡ್ಕೊಳ್ಳಿ” ಅಂದರೆ, ಕೈ ತಲೆ ಹಿಂದಕ್ಕೆ ಹೋಗುತ್ತಾ ನೋಡಿ. ಹೋಗ್ಲಿಲ್ವಾ? ಅವತ್ತು ದಡದಲ್ಲೇ ಇರಿ.

#ಬಟ್ಟೆಯಇತಿಹಾಸ #ಕನ್ನಡದಲ್ಲಿಇತಿಹಾಸ